ಕಡಲಿಗೆ ಹೊರಟ ರೇಸಿನ ಹುಡುಗರಿಗೆ

ತೇರದಾಳ, ರಬಕವಿ-ಬನಹಟ್ಟಿ, ಜಮಖಂಡಿ, ಮುಧೋಳ, ಬೀಳಗಿ ಕಡೆಯ ಸೈಕಲ್ ಹುಡುಗರೇ, ಹುಡುಗಿಯರೇ,

ದೀಪಾವಳಿ ಪಾಡ್ಯದ ಮರುದಿನ ನಿಮ್ಮಲ್ಲಿ ಏಳೆಂಟು ಮಂದಿ ನನ್ನ ಅಂಗಡಿ ಮುಂದೆ ಬಂದು ನಿಂತಿರಿ. ಒಬ್ಬನ ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಅಂಕೋಲೆಯಿಂದ ಭಟ್ಕಳದವರೆಗೆ ಒಂದು ನೀಲಿ ಗೆರೆ. "ಕಾಕಾ, ಡಿಸೆಂಬರದಾಗ ಸಮುದ್ರದ ದಂಡಿ ಹಿಡಿದು ಸೈಕಲ್ ಮ್ಯಾಲೆ ಹೊಂಟೇವಿ, ದಾರಿ ಹೇಳ್ರಿ" ಅಂದಿರಿ. ನಾನು ಗಾಲಿಯೊಂದರ ಬೆಂಡ್ ತೆಗೆಯುತ್ತಿದ್ದೆ. ತಲೆ ಎತ್ತದೆ "ನೋಡೋಣು" ಅಂದುಬಿಟ್ಟೆ. ನಿಮಗೆ ಬೇಸರವಾಗಿರಬೇಕು, ಚಹಾನೂ ಕುಡಿಯದೆ ಹೋದಿರಿ. ಆ "ನೋಡೋಣು" ಅನ್ನೋದರ ಒಳಗೆ ಇದ್ದದ್ದನ್ನು ಈಗ ಬರೆಯುತ್ತಿದ್ದೇನೆ. ಎಂಟು ಮಂದಿಗೆ ಮಾತ್ರ ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಊರೆಲ್ಲ ಓದಲಿ ಎಂದು ಬಹಿರಂಗ ಪತ್ರ.

ನಿಮ್ಮ ಕಾಲಿನ ಕಸುವಿನ ಬಗ್ಗೆ ನನಗೆ ಅನುಮಾನವಿಲ್ಲ. ನಮ್ಮ ಸೀಮೆಯ ಜಾತ್ರೆಯಲ್ಲಿ ತೆರೆಬಂಡಿ, ಟಗರಿನ ಕಾಳಗ, ಕಲ್ಲು ಎತ್ತುವುದರ ಜೊತೆಗೆ ಸೈಕಲ್ ಶರ್ಯತ್ತೂ ಇರುತ್ತದೆ. ರಸ್ತೆಯ ಎರಡೂ ಬದಿಗೆ ರೈತರು ನಿಂತು, ತಮ್ಮೂರ ಹುಡುಗ ಹಾದುಹೋದಾಗ ಟಾವೆಲ್ ಬೀಸಿ ಕೂಗುವ ನಾಡು ಕರ್ನಾಟಕದಲ್ಲಿ ಇನ್ನೆಲ್ಲಿದೆಯೋ ನಾ ಕಾಣೆ. ವಿಜಯಪುರದ ಕ್ರೀಡಾ ನಿಲಯಕ್ಕೆ, ರಾಮದುರ್ಗ ತಾಲೂಕಿನ ಚಂದರಗಿ ಕ್ರೀಡಾ ಶಾಲೆಗೆ ಹೋದ ಹಳ್ಳಿ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದಾರೆ. ಬೆಳಗ್ಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಡೇರಿಗೆ ಓಡಿಸಿದ ಕಾಲುಗಳೇ ಆಮೇಲೆ ಗೇರಿನ ಸೈಕಲ್ ತುಳಿದದ್ದು. ಇದೆಲ್ಲ ನನಗೆ ಗೊತ್ತು. ಆ ಗಾಲಿಗಳಲ್ಲಿ ಎಷ್ಟೋ ನನ್ನ ಕೈ ದಾಟಿ ಹೋಗಿವೆ.

ಆದರೆ ಮೊನ್ನೆ ನಿಮ್ಮಲ್ಲೇ ಒಬ್ಬನನ್ನು ಕೇಳಿದೆ: ದಿನಾ ಜಮಖಂಡಿ ತನಕ ಹೋಗಿ ಬರ್ತೀಯಲ್ಲ, ಹೊಳಿ ಈಗ ಎಷ್ಟು ತುಂಬೇತಿ? ಅವ ಹೇಳಿದ: "ನೋಡಿಲ್ರಿ ಕಾಕಾ. ಐವತ್ತೆರಡು ನಿಮಿಷದಾಗ ಬಂದೆ."

ನನ್ನ ತಕರಾರು ಇಷ್ಟೇ. ನಿಮಗೆ ಓಡಿಸಲಿಕ್ಕೆ ಬರುತ್ತದೆ, ನಿಲ್ಲಲಿಕ್ಕೆ ಬರುವುದಿಲ್ಲ. ರೇಸಿನಲ್ಲಿ ನಿಂತವ ಸೋತ. ಊರೂರು ಸುತ್ತುವ ಸವಾರಿಯಲ್ಲಿ ನಿಲ್ಲುವುದೇ ಅರ್ಧ ಕೆಲಸ: ಎಲ್ಲಿ ನಿಲ್ಲಬೇಕು, ಯಾರ ಮನೆ ಮುಂದೆ ನೀರು ಕೇಳಬೇಕು, ಯಾವ ಮೋಡ ನೋಡಿ ಮರದ ಕೆಳಗೆ ಸೇರಬೇಕು, ಯಾವ ದಾರಿ ಹೊಲಕ್ಕೆ ಹೋಗಿ ಸಾಯುತ್ತದೆ. ಇದನ್ನು ಕಲಿಯಲಿಕ್ಕೆ ಸಮುದ್ರದ ತನಕ ಹೋಗಬೇಕಿಲ್ಲ. ಮೊದಲು ನಮ್ಮ ದಂಡೆ ಮುಗಿಸಿ. ಕಡಲಿನ ದಾರಿಯನ್ನೂ ಬರೆದಿದ್ದೇನೆ, ಈ ಪತ್ರದ ಕೊನೆಗೆ ಇದೆ. ನೇರ ಅಲ್ಲಿಗೆ ಹಾರಬೇಡಿ.

ನಮಗೆಲ್ಲಿಯ ದಂಡೆ ಅನ್ನುತ್ತೀರಿ. ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ, ಅರಬ್ಬೀ ಸಮುದ್ರದಿಂದ ಸುಮಾರು 64 ಕಿಲೋಮೀಟರ್ ದೂರದಲ್ಲಿ. ನಿಮ್ಮಂಥವರಿಗೆ ಎರಡು ತಾಸಿನ ಹಾದಿ. ಆದರೆ ಆ ನೀರು ಹತ್ತಿರದ ಕಡಲಿಗೆ ಬೆನ್ನು ತಿರುಗಿಸಿ, ಸಾವಿರದ ನಾನೂರು ಕಿಲೋಮೀಟರ್ ಸುತ್ತಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಹೋಗುವಾಗ ನಮ್ಮ ತಮದಡ್ಡಿ, ಅಸ್ಕಿ, ಹಿಪ್ಪರಗಿ, ಗಲಗಲಿ ಎಲ್ಲ ನೆನೆಸಿಕೊಂಡು, ಬೀಳಗಿಯ ಕೆಳಗೆ ಆಲಮಟ್ಟಿಯ ಹಿನ್ನೀರಾಗಿ ಅಡ್ಡಡ್ಡ ಹರಡಿ ಮಲಗುತ್ತದೆ. ದಕ್ಷಿಣಕ್ಕೆ ಘಟಪ್ರಭೆ. ಎರಡು ನದಿ, ಒಂದು ಹಿನ್ನೀರು, ನಡುವೆ ನಾವು. ಜರ್ಮನಿಯ ಪಸಾವ್‌ನಿಂದ ಆಸ್ಟ್ರಿಯಾದ ವಿಯೆನ್ನಾ ತನಕ ಡ್ಯಾನ್ಯೂಬ್ ನದಿಯ ದಂಡೆಗುಂಟ ಸೈಕಲ್ ದಾರಿ ಇದೆ, ಜಗತ್ತಿನ ಜನ ಅಲ್ಲಿ ಗಂಟು ಕಟ್ಟಿಕೊಂಡು ತುಳಿಯುತ್ತಾರೆ. ಆಸ್ಟ್ರಿಯಾಕ್ಕೂ ಸಮುದ್ರವಿಲ್ಲ. ನಮ್ಮ ಹೊಳೆಸಾಲಿಗೆ ಫಲಕವಿಲ್ಲ, ಪ್ರತ್ಯೇಕ ದಾರಿಯಿಲ್ಲ, ಅಷ್ಟೇ ವ್ಯತ್ಯಾಸ. (ಡಾಂಬರಿನ ವ್ಯತ್ಯಾಸವೂ ಇದೆ, ಒಪ್ಪಿಕೊಂಡೆ.)

ನಾನು ಹೇಳುವ ಸುತ್ತು ಹೀಗೆ: ತೇರದಾಳದಿಂದ ಹೊರಟು ಕೃಷ್ಣೆಯ ಜೊತೆ ಮೂಡಣಕ್ಕೆ, ಬೀಳಗಿಯಲ್ಲಿ ತಿರುಗಿ ಘಟಪ್ರಭೆಯ ಜೊತೆ ಪಡುವಣಕ್ಕೆ, ಮುಧೋಳ, ಮಹಾಲಿಂಗಪುರ ದಾಟಿ ಮತ್ತೆ ಮನೆಗೆ. ಸುತ್ತಿ ಬಳಸಿ ಸುಮಾರು 200 ಕಿಲೋಮೀಟರ್. ದೂರದ ಸವಾರಿಯವರು ಬ್ರೆವೆ ಅಂತ ನಡೆಸುತ್ತಾರಲ್ಲ, ಅದರಲ್ಲಿ 200 ಕಿಲೋಮೀಟರ್ ಮುಗಿಸಲು ಹದಿಮೂರೂವರೆ ತಾಸು ಕೊಡುತ್ತಾರೆ. ನಾನು ನಿಮಗೆ ನಾಲ್ಕು ದಿನ ಕೊಡುತ್ತೇನೆ. ಅದಕ್ಕಿಂತ ಬೇಗ ಬಂದವರ ಸೈಕಲ್ ನನ್ನ ಅಂಗಡಿಯಲ್ಲಿ ಒಂದು ತಿಂಗಳು ಮುಟ್ಟುವುದಿಲ್ಲ.

ದಿಕ್ಕು ಸುಮ್ಮನೆ ಆರಿಸಿದ್ದಲ್ಲ. ಚಳಿಗಾಲದಲ್ಲಿ ನಮ್ಮ ಕಡೆ ಗಾಳಿ ಮೂಡಣದಿಂದ ಬೀಸುತ್ತದೆ. ನಸುಕಿನಲ್ಲಿ ಗಾಳಿ ಏಳುವ ಮೊದಲು ಮೂಡಣಕ್ಕೆ ಹೋಗಿಬಿಟ್ಟರೆ, ದಣಿದು ಪಡುವಣಕ್ಕೆ ಮರಳುವಾಗ ಅದೇ ಗಾಳಿ ಬೆನ್ನಿಗೆ ಕೈಯಿಡುತ್ತದೆ. ಜೂನ್-ಜುಲೈಯಲ್ಲಿ ಇದು ಉಲ್ಟಾ, ಪಡುವಣ ಗಾಳಿ ಎದೆಗೆ ಒದೆಯುತ್ತದೆ.

ಹೊರಡುವ ದಿನ ನೇರ ರಬಕವಿ ರಸ್ತೆ ಹಿಡಿಯಬೇಡಿ. ಅಲ್ಲಮಪ್ರಭು ಗುಡಿಗೆ ಕೈಮುಗಿದು, ನಮ್ಮ ಬಸದಿಯ ಹತ್ತಿರ ಒಂದು ಗಳಿಗೆ ನಿಲ್ಲಿ. 1123ರಲ್ಲಿ ಗೊಂಕನೆಂಬ ಮಾಂಡಲಿಕ ಇಲ್ಲಿ ನೇಮಿನಾಥನ ಬಸದಿ ಕಟ್ಟಿಸಿದ, ರಟ್ಟರ ಕಾರ್ತವೀರ್ಯನ ಸಮ್ಮುಖದಲ್ಲಿ ದಾನ ನಡೆಯಿತು, ಕೊಲ್ಹಾಪುರದ ರೂಪನಾರಾಯಣ ಬಸದಿಯ ಮಾಘನಂದಿ ಸೈದ್ಧಾಂತಿಕರಿಗೆ ಅದನ್ನು ಒಪ್ಪಿಸಲಾಯಿತು ಎಂದು ಶಾಸನ ಹೇಳುತ್ತದೆ. ಆಗ ನಮ್ಮೂರಿನ ಹೆಸರು ತೇರಿದಾಳ, ಹನ್ನೆರಡು ಊರಿಗೆ ಹಿರಿಯೂರು. ಕೊಲ್ಹಾಪುರದಿಂದ ಇಲ್ಲಿಗೆ ದಿಗಂಬರ ಮುನಿಗಳು ಬರಬೇಕೆಂದರೆ ಕಾಲ್ನಡಿಗೆಯೇ. ಚಾತುರ್ಮಾಸದಲ್ಲಿ ಒಂದೇ ಕಡೆ ನಿಲ್ಲುವುದು, ಮಳೆ ಮುಗಿದ ಮೇಲೆ ಮತ್ತೆ ನಡೆಯುವುದು. ನಮ್ಮ ದಾರಿಗಳಲ್ಲಿ ತಿರುಗಿದವರು ಕಟ್ಟಿಕೊಂಡ ಈ ನೇಮ ಎಷ್ಟು ಸರಿಯಾದದ್ದೆಂದು ನನಗೆ ಗೊತ್ತಾದದ್ದು ಅದನ್ನು ಮುರಿದ ದಿನ.

ಅದನ್ನು ಹೇಳಿಬಿಡುತ್ತೇನೆ, ನಗಬೇಡಿ. ಹತ್ತು-ಹನ್ನೆರಡು ವರ್ಷದ ಹಿಂದೆ, ಆಗಸ್ಟ್ ತಿಂಗಳು. ತಮದಡ್ಡಿ ಕಡೆ ಹೊಳೆ ಏರಿದೆ ಎಂದು ಕೇಳಿ, ನೋಡಿ ಬರೋಣವೆಂದು ಹೊಲದ ದಾರಿಯಲ್ಲಿ ಹೊಕ್ಕೆ. ಹಿಂದಿನ ರಾತ್ರಿ ಮಳೆಯಾಗಿತ್ತು. ಡಾಂಬರು ಬಿಟ್ಟು ನೂರು ಮಾರು ಹೋಗಿರಬೇಕು, ಸೈಕಲ್ ತಾನಾಗಿಯೇ ನಿಂತಿತು. ಎರೆ ಮಣ್ಣು ಹಸಿಯಾದರೆ ಕೆಸರಲ್ಲ, ಅಂಟು. ಟಾಯರಿಗೆ ಒಂದು ಸುತ್ತು ಹತ್ತಿತು, ಅದರ ಮೇಲೆ ಇನ್ನೊಂದು ಸುತ್ತು, ಅದರೊಳಗೆ ಕಬ್ಬಿನ ರವದಿ ಸೇರಿ ಹಗ್ಗದ ಹಾಗೆ ಹೆಣೆದುಕೊಂಡಿತು. ಮಡ್‌ಗಾರ್ಡಿನ ಒಳಗೆ ತುಂಬಿ, ಬ್ರೇಕಿನ ಸಂದಿಯಲ್ಲಿ ತುಂಬಿ, ಗಾಲಿ ಕಲ್ಲಾಯಿತು. ಹೊತ್ತುಕೊಂಡೆನೆಂದರೆ ನನ್ನ ಚಪ್ಪಲಿಗೂ ಅದೇ ಗತಿ, ಒಂದೊಂದು ಕಾಲಿಗೆ ಎರಡೆರಡು ಕಿಲೋ. ಜೋಳದ ದಂಟು ತೂರಿಸಿದೆ, ಮುರಿಯಿತು. ಟಾಯರ್ ತೆಗೆಯಲು ಇಟ್ಟುಕೊಂಡ ಚಮಚದ ಹಿಡಿ ತೂರಿಸಿದೆ, ಬಗ್ಗಿತು. ಕಳೆ ತೆಗೆಯಲು ಹೊರಟಿದ್ದ ಹೆಣ್ಣುಮಗಳೊಬ್ಬಳು ನಿಂತು ನೋಡಿ, ತನ್ನ ಕುರ್ಚಿಗಿ ಕೊಟ್ಟಳು. "ಇವತ್ತ ಸೈಕಲ್ಲಿಂದೂ ಕಸಾ ತೆಗೀಬೇಕಾತಲ್ರೀ" ಅಂದಳು. ಆ ನೂರು ಮಾರು ಹಿಂದೆ ಬರಲಿಕ್ಕೆ ಒಂದು ತಾಸು ಹಿಡಿಯಿತು. ನಾಲ್ವತ್ತು ವರ್ಷದ ಮೆಕ್ಯಾನಿಕ್ಕು ನಾನು!

ಆದ್ದರಿಂದ ಮಳೆ ಬಿದ್ದ ಎರಡು ದಿನ ಎರೆ ಹೊಲದ ದಾರಿ ಬೇಡ. ಒಣಗಿದ ಮೇಲೆ ಅದೇ ದಾರಿ ಸಿಮೆಂಟಿನಂತೆ ಇರುತ್ತದೆ, ಆದರೆ ಟ್ರ್ಯಾಕ್ಟರಿನ ಗಾಲಿ ಜಾಡು ಗಟ್ಟಿಯಾಗಿ ನಿಂತಿರುತ್ತದೆ, ನಿಮ್ಮ ಬೆರಳಿನಷ್ಟು ಅಗಲದ ರೇಸಿನ ಟಾಯರು ಅದರೊಳಗೆ ಇಳಿದರೆ ಮುಖ ಮೊದಲು. ಈ ಸುತ್ತಿಗೆ 32 ಮಿಲಿಮೀಟರಿಗಿಂತ ಕಡಿಮೆ ಟಾಯರು ಹಾಕಬೇಡಿ, ಗಾಳಿ ಕಲ್ಲಿನಂತೆ ಹೊಡೆಯಬೇಡಿ. ಬಳ್ಳಾರಿ ಜಾಲಿಯ ಮುಳ್ಳು ಕಾಲುವೆ ಏರಿ ತುಂಬ ಬಿದ್ದಿರುತ್ತದೆ. ಪಂಕ್ಚರ್ ಆದರೆ ಟ್ಯೂಬ್ ಬದಲಿಸಿ ಓಡುವ ಮೊದಲು, ಟಾಯರಿನ ಒಳಗೆ ಬೆರಳು ಆಡಿಸಿ ಮುಳ್ಳಿನ ಮೊನೆ ಹುಡುಕಿ. ಮೇಲಿಂದ ಮುರಿದ ಮುಳ್ಳು ಒಳಗೆ ಕಾಣದಂತೆ ಕೂತು ಹೊಸ ಟ್ಯೂಬನ್ನೂ ತಿನ್ನುತ್ತದೆ.

ಬೆನ್ನಿಗೆ ಬ್ಯಾಗು ಬೇಡವೇ ಬೇಡ. ಭಾರ ಸೈಕಲ್ಲಿನ ಮೇಲೆ ಇರಲಿ. ಹಳೆಯ ಕರಿ ಸೈಕಲ್ಲಿಗೆ ಮುಂದೆ 32 ಕಡ್ಡಿ, ಹಿಂದೆ 40 ಕಡ್ಡಿ ಯಾಕಿದ್ದವು ಎಂದು ಎಂದಾದರೂ ಯೋಚಿಸಿದ್ದೀರಾ? ಮೇವಿನ ಸಿವುಡು, ನೂಲಿನ ಗಂಟು, ಹೆಂಡತಿ ಮಕ್ಕಳು ಎಲ್ಲ ಹಿಂದೆಯೇ ಕೂಡುತ್ತಿದ್ದರು. ನಿಮ್ಮ ರೇಸಿನ ಗಾಲಿಯಲ್ಲಿ ಇಪ್ಪತ್ತು, ಇಪ್ಪತ್ನಾಲ್ಕು ಕಡ್ಡಿ. ಅದರ ಮೇಲೆ ಹದಿನೈದು ಕಿಲೋ ಗಂಟು ಕಟ್ಟಿ ಗುಂಡಿಗೆ ಇಳಿಸಿದರೆ ಟಣ್ಣೆಂದು ಒಂದು ಹೋಗುತ್ತದೆ, ಒಂದು ಹೋದ ಮೇಲೆ ಉಳಿದವು ಸಾಲು ಹಿಡಿಯುತ್ತವೆ. ಗೇರಿನ ಸೈಕಲ್ ಇಲ್ಲದವರು ಚಿಂತಿಸಬೇಡಿ. ಸರ್ಕಾರ 2006-07ರಿಂದ ಎಂಟನೇ ಇಯತ್ತೆಯ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳಲ್ಲಿ ಎಷ್ಟೋ ಇನ್ನೂ ಮಾಳಿಗೆ ಮೇಲೆ ತುಕ್ಕು ತಿನ್ನುತ್ತಾ ಬಿದ್ದಿವೆ. ಇಳಿಸಿ ತನ್ನಿ. ಬಾಲ್ ಬದಲಿಸಿ, ಗ್ರೀಸ್ ತುಂಬಿ ಕೊಡುತ್ತೇನೆ. ದಿನಕ್ಕೆ ಐವತ್ತು ಕಿಲೋಮೀಟರಿಗೆ ಅದು ಸಾಕು. ಮುಂದಿನ ಬುಟ್ಟಿಯಲ್ಲಿ ರೊಟ್ಟಿ ಗಂಟು ಇಡಬಹುದು, ಲಕ್ಷ ರೂಪಾಯಿಯ ಸೈಕಲ್ಲಿಗೆ ಆ ಭಾಗ್ಯವಿಲ್ಲ.

ಹುಡುಗಿಯರ ಅಪ್ಪ-ಅವ್ವಂದಿರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಶರ್ಯತ್ತಿನಲ್ಲಿ ನಿಮ್ಮ ಮಗಳು ಗೆದ್ದರೆ ಪೇಟೆಗೆ ಪೇಡೆ ಹಂಚುತ್ತೀರಿ. ಅದೇ ಮಗಳು ಗೆಳತಿಯರ ಜೊತೆ ಗಲಗಲಿಗೆ ಹೋಗಿ ಒಂದು ರಾತ್ರಿ ಇರುತ್ತೇನೆ ಅಂದರೆ ಮೋರೆ ಗಂಟಿಕ್ಕುತ್ತೀರಿ. ಗಲಗಲಿಯಲ್ಲಿ ನಿಮಗೆ ಬೀಗರಿಲ್ಲವೇ?

ಇರಲಿ, ದಾರಿಗೆ ಬರೋಣ. ರಬಕವಿಯಲ್ಲಿ ಹೊಳೆದಂಡೆಗೆ ಇಳಿಯಿರಿ. ಆಚೆ ದಡ ಮಹಿಷವಾಡಗಿ, ಅಥಣಿ ಸೀಮೆ. ನಾನು ಚಿಕ್ಕವನಿದ್ದಾಗ ಅಪ್ಪನ ಸೈಕಲ್ಲನ್ನು ದೋಣಿಗೆ ಅಡ್ಡ ಹಾಕಿ ಅಲ್ಲಿಗೆ ದಾಟಿದ್ದೇನೆ. ಅಂಬಿಗ ಸೈಕಲ್ಲಿಗೆ ಬೇರೆ ದುಡ್ಡು ಕೇಳಿದ, ಅಪ್ಪ ಅದಕ್ಕೆ ಕಾಲಿಲ್ಲ, ಅದು ಪ್ರಯಾಣಿಕ ಅಲ್ಲ ಎಂದು ವಾದ ಮಾಡಿದ. ವಾದ ಮುಗಿಯುವಷ್ಟರಲ್ಲಿ ದಡ ಬಂದಿತ್ತು. ಮೇಲೆ ಬಂದು ಬನಹಟ್ಟಿಯ ಓಣಿಗಳಲ್ಲಿ ಸೈಕಲ್ ಇಳಿದು ನಡೆಯಿರಿ. ಎರಡೂ ಕಡೆ ಮಗ್ಗದ ಸದ್ದು ಮನೆ ಗೋಡೆಯನ್ನೇ ನಡುಗಿಸುತ್ತಿರುತ್ತದೆ. ಅದೃಷ್ಟವಿದ್ದರೆ ನೀವಿರುವಾಗಲೇ ಕರೆಂಟು ಹೋಗುತ್ತದೆ. ಇಡೀ ಓಣಿ ಒಮ್ಮೆಲೇ ತಣ್ಣಗಾಗಿ, ನಿಮ್ಮ ಸೈಕಲ್ಲಿನ ಫ್ರೀವೀಲಿನ ಟಿಕ್ ಟಿಕ್ ಮಾತ್ರ ಕೇಳುತ್ತದೆ, ಒಳಗಿಂದ ನೇಕಾರರು ಬೆವರು ಒರೆಸಿಕೊಳ್ಳುತ್ತಾ ಕಟ್ಟೆಗೆ ಬಂದು ಕೂಡುತ್ತಾರೆ. ಮಾತಾಡಬೇಕೆಂದರೆ ಅದೇ ಹೊತ್ತು. ಕರೆಂಟು ಬಂತೆಂದರೆ ನಿಮ್ಮ ಪ್ರಶ್ನೆಯ ನಡುವೆಯೇ ಎದ್ದು ಹೋಗುತ್ತಾರೆ.

ನಿಮಗೆ ಗೊತ್ತಿಲ್ಲದ ಒಂದು ಸಂಗತಿ: ಅಷ್ಟು ದಾರಿಯಲ್ಲಿ ನೀವು ಒಂದು ಗಡಿ ದಾಟಿದ್ದೀರಿ. ತೇರದಾಳ, ರಬಕವಿ ಸಾಂಗಲಿ ಸಂಸ್ಥಾನದ ಊರುಗಳು. ಬನಹಟ್ಟಿ ಜಮಖಂಡಿ ಸಂಸ್ಥಾನದ್ದು. ನಾಲ್ಕನೇ ದಿನ ಬರುವ ಮಹಾಲಿಂಗಪುರ ಮುಧೋಳದ ಘೋರ್ಪಡೆಯವರದ್ದು. 1948ರಲ್ಲಿ ಈ ಮೂರೂ ಮುಂಬಯಿ ಪ್ರಾಂತಕ್ಕೆ ಸೇರಿದವು. ನಮ್ಮ ಅಜ್ಜಂದಿರು ಸಂತೆಗೆ ಸೈಕಲ್ ತಳ್ಳಿಕೊಂಡು ಹೋಗುವಾಗ ಅರ್ಧ ದಿನದಲ್ಲಿ ಮೂರು ರಾಜರ ನೆಲ ತುಳಿಯುತ್ತಿದ್ದರು.

ಜಮಖಂಡಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ನಿಮಗೆ ಗೊತ್ತಿದೆ. ರಾಮತೀರ್ಥದ ಗುಡ್ಡ ಏರಿ ಪಟವರ್ಧನರ ಅರಮನೆಯ ಕಡೆಯಿಂದ ಸಂಜೆ ನೋಡಿ, ಖಾನಾವಳಿಯಲ್ಲಿ ಉಂಡು ಮಲಗಿ.

ಎರಡನೇ ದಿನ ವಿಜಯಪುರ ರಸ್ತೆಯಲ್ಲಿ ಚಿಕ್ಕಪಡಸಲಗಿ. ಇಲ್ಲಿ ಸೈಕಲ್ ಸ್ಟ್ಯಾಂಡ್ ಹಾಕಿ ನಿಲ್ಲಲೇಬೇಕು. ಕಣ್ಣೆದುರು ಹೊಳೆಯಿದ್ದೂ ಬೇಸಿಗೆಯಲ್ಲಿ ನೀರಿಲ್ಲದ ಈ ಸೀಮೆಯಲ್ಲಿ ರೈತರು ಸರ್ಕಾರವನ್ನು ಕೇಳಿ ಕೇಳಿ ಸಾಕಾಗಿ, ತಾವೇ ದುಡ್ಡು ಹಾಕಿ, ತಾವೇ ಕಲ್ಲು ಹೊತ್ತು 1989ರಲ್ಲಿ ಕಟ್ಟಿದ ಬ್ಯಾರೇಜು ಇದು. ಕೃಷ್ಣಾ ತೀರ ರೈತ ಸಂಘದ ಮುಂದಾಳು ಸಿದ್ದು ನ್ಯಾಮಗೌಡ. ಹಿಂದೆ ನಿಂತ ನೀರಿಗೆ ಇಟ್ಟ ಹೆಸರು ಶ್ರಮಬಿಂದು ಸಾಗರ. ಸಾಗರ ನೋಡಲು ಅಂಕೋಲೆಗೆ ಹೊರಟವರೇ, ಬೆವರಿನ ಹೆಸರಿಟ್ಟ ಸಾಗರ ನಿಮ್ಮ ಪ್ರಾಕ್ಟೀಸ್ ರಸ್ತೆಯ ಮೇಲೇ ಇದೆ. ಬ್ಯಾರೇಜ್ ಸಿದ್ದು ಎಂದು ಜನ ಕರೆದ ಆ ಮನುಷ್ಯ 1991ರಲ್ಲಿ ಬಾಗಲಕೋಟೆ ಲೋಕಸಭೆಗೆ ನಿಂತು ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು, ದಿಲ್ಲಿಯಲ್ಲಿ ಮಂತ್ರಿಯೂ ಆದರು. ಅವರ ಮಾತು ಮುಂದೆ ಇನ್ನೊಂದು ರಸ್ತೆಯಲ್ಲಿ ಬರುತ್ತದೆ.

ಗಲಗಲಿ, ಹರಿದಾಸಿ ಗಲಗಲಿ ಅವ್ವನ ಊರು. ಹೊಳೆಯ ಮೆಟ್ಟಿಲ ಮೇಲೆ ಕೂತು ಕಾಲು ನೀರಿಗಿಡಿ. ಈಜು ಬಾರದವರು ಅಷ್ಟಕ್ಕೇ ನಿಲ್ಲಿಸಿ, ಬ್ಯಾರೇಜಿನ ನೀರು ಸುಮ್ಮನಿದ್ದಂತೆ ಕಂಡರೂ ಸುಮ್ಮನಿರುವುದಿಲ್ಲ. ಅಲ್ಲಿಂದ ಬೀಳಗಿಗೆ ಮಧ್ಯಾಹ್ನದ ಬಿಸಿಲಲ್ಲಿ ಹೋಗಬೇಡಿ, ನೆರಳಿಲ್ಲ. ಸಂಜೆ ಅರೆತ್ತಿನ ಬಾವಿ ನೋಡಿ.

ಈಗ ಮೂರನೇ ದಿನ. ನಾನು ಈ ಪತ್ರ ಬರೆಯಲು ಕೂತದ್ದೇ ಇದರ ಸಲುವಾಗಿ.

ಬೀಳಗಿಯಿಂದ ಹೆರಕಲ್ ಕಡೆ ಹೋಗುವಾಗ ಹಿನ್ನೀರು ಶುರುವಾಗುತ್ತದೆ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಈಗ 519.60 ಮೀಟರ್ ತನಕ ನೀರು ನಿಲ್ಲಿಸುತ್ತಾರೆ. ಆ ಅಂಕಿ ಪೇಪರಿನಲ್ಲಿ ಓದುವಾಗ ಅಂಕಿಯಾಗಿಯೇ ಇರುತ್ತದೆ. ಸೈಕಲ್ ಮೇಲೆ ಹೋದರೆ ಅದು ಕಣ್ಣಿಗೆ ಕಾಣುತ್ತದೆ. ಒಂದು ಹೊಲದ ಅರ್ಧಕ್ಕೆ ಜೋಳ, ಅರ್ಧಕ್ಕೆ ನೀರು, ನಡುವೆ ಹಾವಿನಂತೆ ಒಂದು ಗೆರೆ. ಆ ಗೆರೆಯೇ ನಮ್ಮ ಕರಾವಳಿ. ಅದು ಒಂದು ಕಡೆ ನಿಲ್ಲುವುದೂ ಇಲ್ಲ: ಮಳೆಗಾಲದ ಕೊನೆಗೆ ಮೇಲೇರಿ ಕೂಡುತ್ತದೆ, ಬೇಸಿಗೆಗೆ ಮೈಲುಗಟ್ಟಲೆ ಕೆಳಗಿಳಿದು ಹೋಗುತ್ತದೆ, ಇಳಿದ ನೆಲದಲ್ಲಿ ಜನ ಗಡಿಬಿಡಿಯಲ್ಲಿ ಒಂದು ಬೆಳೆ ತೆಗೆದುಕೊಳ್ಳುತ್ತಾರೆ. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತು ಬರುತ್ತದೆ. ನೀರು ತೆಳುವಾದ ಹಾಗೆ ರಾಜಹಂಸಗಳು ಬಂದು ಸಾಲಾಗಿ ತಲೆ ಕೆಳಗೆ ಮಾಡಿ ಕೆಸರು ಸೋಸುತ್ತವೆ. ಹತ್ತಿರ ಹೋಗಬೇಡಿ, ಗಂಟೆ ಬಾರಿಸಬೇಡಿ. ಒಂದು ಎದ್ದರೆ ಎಲ್ಲ ಏಳುತ್ತವೆ.

ಒಂದು ಜಾಗ ನನಗೆ ಮರೆಯುವುದಿಲ್ಲ. ಹೊಸ ರಸ್ತೆಯಿಂದ ಒಂದು ಹಳೆಯ ಡಾಂಬರು ದಾರಿ ಒಡೆದು ಇಳಿಯಿತು, ಹೋಗಿ ನೋಡೋಣವೆಂದು ಪೆಡಲ್ ಬಿಟ್ಟು ಸುಮ್ಮನೆ ಉರುಳಿಸಿದೆ. ಎರಡೂ ಬದಿ ಬೇವಿನ ಮರ, ಆಮೇಲೆ ಬೇವಿನ ಒಣ ಬೊಡ್ಡೆ, ಆಮೇಲೆ ಒಂದು ಕಿಲೋಮೀಟರ್ ಕಲ್ಲು, ಅಕ್ಷರ ಅಳಿಸಿಹೋದದ್ದು. ಅಲ್ಲಿಂದ ಹತ್ತು ಮಾರಿಗೆ ರಸ್ತೆ ಹಾಗೇ ನೀರಿನೊಳಗೆ ಇಳಿದಿತ್ತು. ಮುಂದಿನ ಗಾಲಿ ನೀರಿಗೆ ತಾಗುವಷ್ಟು ಹತ್ತಿರ ನಿಲ್ಲಿಸಿದೆ. ನೀರಿನ ಕೆಳಗೂ ಡಾಂಬರು ಕಾಣುತ್ತಿತ್ತು, ಸಣ್ಣ ಮೀನು ಅದರ ಮೇಲೆ ಓಡಾಡುತ್ತಿದ್ದವು. ಎಮ್ಮೆ ಮೈ ತೊಳೆಯುತ್ತಿದ್ದ ಮುದುಕನನ್ನು ಈ ದಾರಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಅವ ಎಮ್ಮೆಯ ಬೆನ್ನು ತಿಕ್ಕುತ್ತಲೇ, "ನಮ್ಮೂರಿಗೆ" ಅಂದ. ಅವನ ಈಗಿನ ಊರು ಎತ್ತರದಲ್ಲಿ, ಪುನರ್ವಸತಿ ಕೇಂದ್ರ: ಅಳತೆ ಹಿಡಿದು ಎಳೆದ ನೇರ ಓಣಿಗಳು, ಹಳೆಯದೇ ಹೆಸರು. ಅಲ್ಲಿ ಚಹಾ ಕುಡಿದೆ. ಕೊಟ್ಟ ದುಡ್ಡು ತೆಗೆದುಕೊಳ್ಳಲಿಲ್ಲ.

ಅಂಥ ದಾರಿ ಕಂಡರೆ ಫೋಟೋ ಹೊಡೆದು ಓಡಿಬರಬೇಡಿ. ಯಾರಾದರೂ ಇದ್ದರೆ ಮಾತಾಡಿಸಿ, ಇಲ್ಲದಿದ್ದರೆ ಒಂದು ಗಳಿಗೆ ಕೂಡಿ.

ಹೆರಕಲ್‌ನಲ್ಲಿ ಘಟಪ್ರಭೆ ದಾಟಿ ಗದ್ದನಕೇರಿ ಹತ್ತಿರ ಹೆದ್ದಾರಿ ಹತ್ತುತ್ತೀರಿ. ತುಳಸಿಗೇರಿ ಹನುಮಪ್ಪ, ಆಮೇಲೆ ಕಲಾದಗಿ, ಲೋಕಾಪುರ. ಕಲಾದಗಿ ಒಂದು ಕಾಲಕ್ಕೆ ಜಿಲ್ಲೆಯ ಊರು, ಆಮೇಲಷ್ಟೇ ಕಚೇರಿಗಳು ಬಿಜಾಪುರಕ್ಕೆ ಹೋದವು. ಈಗ ದಾಳಿಂಬೆ, ಚಿಕ್ಕುವಿಗೆ ಹೆಸರು. ರಸ್ತೆ ಬದಿಯ ಬುಟ್ಟಿಯಿಂದ ಚಿಕ್ಕು ಕೊಳ್ಳಿ. ಆದರೆ ಈ ರಸ್ತೆಯ ಮೇಲೆ ಪಕ್ಕ ಪಕ್ಕ ಸೈಕಲ್ ಓಡಿಸಿ ಹರಟೆ ಹೊಡೆಯಬೇಡಿ, ಒಬ್ಬರ ಹಿಂದೆ ಒಬ್ಬರು, ಬಿಳಿ ಗೆರೆಯ ಆಚೆ. 2018ರ ಮೇ 28ರಂದು, ಜಮಖಂಡಿಯಿಂದ ಆರಿಸಿಬಂದು ಇನ್ನೂ ಎರಡು ವಾರವಾಗಿರಲಿಲ್ಲ, ಗೋವಾ ಕಡೆಯಿಂದ ಊರಿಗೆ ಮರಳುತ್ತಿದ್ದ ಸಿದ್ದು ನ್ಯಾಮಗೌಡರು ತುಳಸಿಗೇರಿ ಹತ್ತಿರ ಕಾರು ಅಪಘಾತದಲ್ಲಿ ತೀರಿಕೊಂಡರು. ಆ ದಿನ ಅಂಗಡಿ ತೆರೆಯಲಿಲ್ಲ ನಾನು.

ಮತ್ತೆ ಘಟಪ್ರಭೆ ದಾಟಿದರೆ ಮುಧೋಳ. ರನ್ನನ ಊರು, ಬೇಟೆನಾಯಿಯ ಊರು. ಸೈಕಲ್ ಬೆನ್ನು ಹತ್ತುವುದು ಆ ಜಾತಿವಂತ ನಾಯಿಗಳಲ್ಲ, ಡಾಬಾದ ಹಿಂದಿನ ನಾಯಿಗಳು. ಅವುಗಳ ಜೊತೆ ರೇಸಿಗೆ ಬೀಳಬೇಡಿ. ಇಳಿದು, ಸೈಕಲ್ಲನ್ನು ನಡುವೆ ಹಿಡಿದು ನಡೆದರೆ ಅವಕ್ಕೆ ಆಟ ಮುಗಿದಂತೆ.

ನಾಲ್ಕನೇ ದಿನ ಮಹಾಲಿಂಗಪುರದ ದಾರಿ. ಕಬ್ಬು ನುರಿಸುವ ಕಾಲ, ರಸ್ತೆ ಟ್ರ್ಯಾಕ್ಟರಿನದು. ಎರಡು ಟ್ರೇಲರು, ಎರಡೂ ಬದಿಗೆ ಚಾಚಿದ ಕಬ್ಬು, ಒಳಗೆ ಹಾಡು ಹಚ್ಚಿದ ಡ್ರೈವರನಿಗೆ ಹಿಂದಿನದು ಕಾಣುವುದೂ ಇಲ್ಲ, ಕೇಳುವುದೂ ಇಲ್ಲ. ಮೊದಲ ಟ್ರೇಲರು ದಾಟಿತೆಂದು ರಸ್ತೆಗೆ ಬರಬೇಡಿ, ಎರಡನೆಯದು ಬಾಲದ ಹಾಗೆ ಹೊರಗೆ ಬೀಸುತ್ತದೆ. ಕತ್ತಲಾದ ಮೇಲೆ ಈ ರಸ್ತೆಯಲ್ಲಿ ಸೈಕಲ್ ಬೇಡ, ನಿಂತ ಟ್ರೇಲರಿನ ಹಿಂದೆ ಒಂದು ಕೆಂಪು ರಿಫ್ಲೆಕ್ಟರಾದರೂ ಇರಬೇಕೆಂಬುದನ್ನು ನಾವಿನ್ನೂ ಒಪ್ಪಿಲ್ಲ. ಆಲೆಮನೆ ಕಂಡರೆ ನಿಲ್ಲಿ. ಬಿಸಿ ಬೆಲ್ಲದ ಒಂದು ತುಂಡು, ಒಂದು ಹಿಡಿ ಶೇಂಗಾ: ನೀವು ನೂರು ರೂಪಾಯಿ ಕೊಟ್ಟು ಕೊಳ್ಳುವ ಜೆಲ್ ಪಾಕೀಟಿನ ಒಳಗಿರುವುದೂ ಸಕ್ಕರೆಯೇ. ಢವಳೇಶ್ವರ, ನಂದಗಾಂವದ ಕಡೆ 2019ರ ಆಗಸ್ಟ್ ಪೂರದಲ್ಲಿ ನೀರು ಎಲ್ಲಿಯ ತನಕ ಬಂದಿತ್ತು ಎಂದು ಯಾರನ್ನಾದರೂ ಕೇಳಿ. ಮಾತಾಡದೆ ಕೈ ಎತ್ತಿ ಗೋಡೆ ತೋರಿಸುತ್ತಾರೆ. ಅಲ್ಲಿಂದ ಮನೆ.

ಈಗ ನಿಮ್ಮ ಸಮುದ್ರ.

ಮುಧೋಳ, ಲೋಕಾಪುರ, ಯರಗಟ್ಟಿ, ಸವದತ್ತಿ, ಧಾರವಾಡ. ಧಾರವಾಡದಲ್ಲಿ ಸೋಮೇಶ್ವರ ಗುಡಿಯ ಹತ್ತಿರ ಶಾಲ್ಮಲೆ ಹುಟ್ಟುತ್ತಾಳೆ. ಅವಳು ಬೇಡ್ತಿಗೆ ಸೇರಿ, ಮುಂದೆ ಗಂಗಾವಳಿ ಎಂಬ ಹೆಸರಿನಲ್ಲಿ ಕಡಲು ಮುಟ್ಟುತ್ತಾಳೆ. ನೀವೂ ಅವಳ ದಿಕ್ಕೇ ಹಿಡಿಯಿರಿ: ಕಲಘಟಗಿ, ಯಲ್ಲಾಪುರ, ಅರಬೈಲ್ ಘಾಟು, ಅಂಕೋಲಾ. ಬಯಲು ಸೀಮೆಯ ನಿಮಗೆ ಏರು ಕಷ್ಟವಾಗುವುದಿಲ್ಲ, ಇಳಿತ ಕೊಲ್ಲುತ್ತದೆ. ಬ್ರೇಕನ್ನು ಒತ್ತಿಯೇ ಹಿಡಿದರೆ ರಿಮ್ ಕಾದು ಟ್ಯೂಬ್ ಸಿಡಿಯುತ್ತದೆ. ಒತ್ತಿ ಬಿಡಿ, ಒತ್ತಿ ಬಿಡಿ. ಹಿಂದೆ ಲಾರಿ ಬಂದರೆ ನಿಂತು ದಾರಿ ಕೊಡಿ. ಮಳೆಗಾಲದಲ್ಲಿ ಹೋಗಲೇಬೇಡಿ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರನ್ನು ಗಂಗಾವಳಿಗೆ ನೂಕಿದ್ದನ್ನು ನೀವೂ ಟೀವಿಯಲ್ಲಿ ನೋಡಿದ್ದೀರಿ.

ಕೆಳಗೆ 66ನೇ ಹೆದ್ದಾರಿ ಸಿಕ್ಕಿತೆಂದು ಅದನ್ನೇ ಹಿಡಿದರೆ ನಾಲ್ಕು ಪಥದ ಸಿಮೆಂಟು, ಟ್ಯಾಂಕರು ಬಿಟ್ಟು ಬೇರೇನೂ ಕಾಣುವುದಿಲ್ಲ. ಗೋಕರ್ಣದ ಕಡೆ ಹೊರಳಿ, ತದಡಿಗೆ ಬಂದು, ಅಲ್ಲಿಂದ ದೋಣಿಯಲ್ಲಿ ಅಘನಾಶಿನಿ ದಾಟಿ. ಮಾಣಿಕಟ್ಟಾ ಕಡೆ ಉಪ್ಪುನೀರು ತಡೆದು ಬೆಳೆಯುವ ಕಗ್ಗ ಭತ್ತದ ಗಜನಿ ಗದ್ದೆಗಳಿವೆ, ಎರೆ ಹೊಲದ ಮಕ್ಕಳು ನೋಡಬೇಕಾದ್ದು. ಕುಮಟಾ, ಧಾರೇಶ್ವರ, ಹೊನ್ನಾವರದಲ್ಲಿ ಶರಾವತಿ, ಮುರುಡೇಶ್ವರ, ಭಟ್ಕಳ. ಕಾಲಿಗೆ ಇನ್ನೂ ಬಲವಿದ್ದರೆ ಮರವಂತೆಯ ತನಕ: ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ರಸ್ತೆ. ಅಲ್ಲಿ ಬೆವರು ಆರುವುದಿಲ್ಲ, ನೀರಿಗೆ ಚಿಟಿಕೆ ಉಪ್ಪು ಹಾಕಿಕೊಳ್ಳಿ. ಚೈನಿಗೆ ದಿನಾ ಎಣ್ಣೆ, ಉಪ್ಪುಗಾಳಿ ಒಂದೇ ರಾತ್ರಿಯಲ್ಲಿ ಕೆಂಪು ಮಾಡುತ್ತದೆ. ರೊಟ್ಟಿ ಸಿಗುವುದಿಲ್ಲ, ಮೂರನೇ ದಿನಕ್ಕೆ ಅಳಬೇಡಿ. ಒಂದೂರಿನ ಲಾಡ್ಜಿನವರು ಸೈಕಲ್ ಒಳಗಿಡಲು ಬಿಡದೆ ನನ್ನನ್ನು ರಾತ್ರಿ ಒಂಬತ್ತಕ್ಕೆ ಹೊರಗೆ ಹಾಕಿದ್ದರು. ಕೊನೆಗೆ ಮೀನು ಬಲೆ ಹರವಿದ ಒಂದು ಅಂಗಳದಲ್ಲಿ ಮಲಗಿದೆ, ಬೆಳಗ್ಗೆ ಸೈಕಲ್ಲಿಗೆ ಬೆಕ್ಕು ಕಾವಲಿತ್ತು. ಮೊದಲೇ ಕೇಳಿ ನಿಕ್ಕಿ ಮಾಡಿಕೊಳ್ಳಿ. ಮರಳುವಾಗ ರೈಲು ಎಂದರೆ ನಮಗೆ ಕುಡಚಿಯೇ ಗತಿ. ಬಾಗಲಕೋಟೆ-ಕುಡಚಿ ಮಾರ್ಗದ ರೈಲು ತೇರದಾಳದಲ್ಲಿ ನಿಂತ ದಿನ ನಾನೇ ನಿಮ್ಮ ಸೈಕಲ್ಲುಗಳನ್ನು ಇಳಿಸಿಕೊಳ್ಳಲು ಬರುತ್ತೇನೆ.

ಮುಂದಿನ ಶನಿವಾರ ನಮ್ಮ ಸುತ್ತಿಗೆ ಹೊರಡುವವರು ಗುರುವಾರದೊಳಗೆ ಹಿಂದಿನ ಗಾಲಿ ಬಿಚ್ಚಿ ತಂದುಕೊಡಿ, ಕಡ್ಡಿ ಬಿಗಿದು ಕೊಡುತ್ತೇನೆ. ಕ್ಯಾರಿಯರ್ ಆರು ಇವೆ, ಮೊದಲು ಬಂದವರಿಗೆ. ಐವತ್ತೆರಡು ನಿಮಿಷದವನೂ ಬಾ. ಹೊಳೆ ಎಷ್ಟು ತುಂಬಿದೆ ಎಂದು ಬಂದ ಮೇಲೆ ಕೇಳುತ್ತೇನೆ.

ಇಂತಿ ನಿಮ್ಮ ಸೈಕಲ್ ಅಂಗಡಿಯ ಕಾಕಾ,
ತೇರದಾಳ